ಕಾಯಿಸುವ ವಾರ

ಕಾಯುವುದೆಂದರೆ ಹರಿಣಾಕ್ಷಿಗೆ ಆಗಿಬರುವುದಿಲ್ಲ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಜಾಗ ಸಿಗದಿದ್ದರೆ ಉಳಿದವರು ಉಣ್ಣುವವರ ಬೆನ್ನ ಹಿಂದೆ ನಿಂತು ಊರ ಸುದ್ದಿ ಮಾತಾಡುತ್ತಾರೆ. ಇವಳು ಬಡಿಸುವವರನ್ನು ನೋಡುತ್ತಾಳೆ. ಸಾರಿಗೆ ಇಬ್ಬರಿದ್ದಾರೆ, ಅನ್ನಕ್ಕೆ ಒಬ್ಬನೇ, ಅಲ್ಲೇ ಕಟ್ಟಿಕೊಂಡಿತು ನೋಡಿ ಎಂದು ಪಕ್ಕದವರಿಗೆ ತೋರಿಸುತ್ತಾಳೆ. ತೋರಿಸಿ ಸುಮ್ಮನಿರುವ ಜಾತಿಯೂ ಅಲ್ಲ. ಹೆಮ್ಮಾಡಿಯಲ್ಲಿ ಸ್ವಂತ ನಾದಿನಿಯ ಮದುವೆಯ ದಿನ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಅನ್ನದ ಬಾಲ್ದಿಗೆ ಕೈ ಹಾಕಿದವಳು. ದೋಣಿಗಳ ಇಂಜಿನ್ ರಿಪೇರಿ ಮಾಡುವ ಗಂಡ ಲೀಲಾಧರ ಇವತ್ತಿಗೂ ಛೇಡಿಸುತ್ತಾನೆ: "ನಿನ್ನನ್ನ್ ಸ್ವರ್ಗದ್ ಬಾಗ್ಲಲ್ಲ್ ನಿಲ್ಸಿರೂ ಒಳ್ಗಿದ್ದರಿಗೆ ಇನ್ನೊಂದ್ ಕೌಂಟರ್ ತೆಗಿನಿ ಅಂಬೆ."

ಇಂಥವಳಿಗೆ ಸಿಕ್ಕ ಕೆಲಸವೂ ಹೇಳಿ ಮಾಡಿಸಿದ ಹಾಗಿತ್ತು. ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಕಾಲ್ ಸೆಂಟರ್. ಇನ್ವರ್ಟರು, ಬ್ಯಾಟರಿ ಮಾಡುವ ಕಂಪನಿಯೊಂದರ ದೂರುಗಳೆಲ್ಲ ಅಲ್ಲಿಗೆ ಬರುತ್ತವೆ. ಕರಾವಳಿಯಲ್ಲಿ ಎಲ್ಲಿ ಕರೆಂಟು ಹೋದರೂ, ಯಾರ ಮನೆಯ ಇನ್ವರ್ಟರು ಕೆಂಪು ದೀಪ ತೋರಿಸಿ ಕೂಗಿದರೂ, ಆ ಕೂಗು ಕೊನೆಗೆ ಮುಟ್ಟುವುದು ಆ ಮಹಡಿಗೆ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಉತ್ತರ ಕೊಡುವವರು ಹದಿನಾಲ್ಕು ಹೆಂಗಸರು. ಯಾರು ಯಾವ ಹೊತ್ತಿಗೆ ಕೂರಬೇಕು, ಯಾರ ಊಟ ಯಾವಾಗ, ಗಾಳಿಮಳೆಯ ದಿನ ಯಾರನ್ನು ಬೇಗ ಕರೆಸಬೇಕು ಎಂದು ತೀರ್ಮಾನಿಸುವವಳು ಹರಿಣಾಕ್ಷಿ. ಗೋಡೆಯ ಮೇಲೊಂದು ಬೋರ್ಡು. ಕರೆ ಮಾಡಿ ಕಾಯುತ್ತಿರುವವರ ಸಂಖ್ಯೆ ಅದರಲ್ಲಿ ಮೂಡುತ್ತದೆ. ಸಂಖ್ಯೆ ಏರಿದರೆ ಬೋರ್ಡು ಕೆಂಪಾಗುತ್ತದೆ, ಅದರ ಜೊತೆಗೆ ಹರಿಣಾಕ್ಷಿಯ ಮುಖವೂ.

ಅವಳು ಕುಂದಾಪುರದಲ್ಲಿ ಬಿಎಸ್ಸಿ ಮಾಡಿದ್ದಳು. ಆದರೆ ಈ ಕೆಲಸದ ಲೆಕ್ಕ ಕಲಿತದ್ದು ಕಂಪನಿಯವರು ಮಂಗಳೂರಿನಲ್ಲಿ ಕೊಟ್ಟ ತರಬೇತಿಯಲ್ಲಿ. ಅದಕ್ಕೆ ಸರದಿ ಸಿದ್ಧಾಂತ ಎಂದು ಹೆಸರು. ನೂರು ವರ್ಷಕ್ಕೂ ಹಿಂದೆ ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತದವನು ಶುರು ಮಾಡಿದ್ದಂತೆ. ಕರೆಗಳು ಹೇಳಿ ಕೇಳಿ ಬರುವುದಿಲ್ಲ. ಒಮ್ಮೆ ಯಾರೂ ಇಲ್ಲ, ಮರುಗಳಿಗೆಗೆ ನಾಲ್ಕು ಜನ ಒಟ್ಟಿಗೆ. ಎಷ್ಟು ಕರೆ ಬರುತ್ತವೆ, ಒಂದೊಂದು ಮುಗಿಯಲು ಎಷ್ಟು ಹೊತ್ತು ಬೇಕು ಎಂದು ಗೊತ್ತಿದ್ದರೆ ಎಷ್ಟು ಜನ ಕೂರಬೇಕೆಂದು ಹೇಳಬಹುದು. ಅದರಲ್ಲಿ ಹರಿಣಾಕ್ಷಿಗೆ ಬಹಳ ಹಿಡಿಸಿದ ಮಾತು ಒಂದಿತ್ತು. ಕೂತವರೆಲ್ಲ ಒಂದು ನಿಮಿಷವೂ ಬಿಡುವಿಲ್ಲದೆ ದುಡಿಯಲಿ ಎಂದು ಆಸೆಪಟ್ಟರೆ ಆಚೆ ಕಾಯುವವರ ಸಾಲು ಮೆಲ್ಲಮೆಲ್ಲನೆ ಬೆಳೆಯುವುದಿಲ್ಲ, ಹುಣ್ಣಿಮೆ ದಿನದ ಕಡಲಿನ ಹಾಗೆ ಏರಿ ಬರುತ್ತದೆ. ಸಾಲು ಸಣ್ಣದಿರಬೇಕಾದರೆ ಒಂದಿಬ್ಬರು ಸುಮ್ಮನೆ ಕೂತಿರಲೇಬೇಕು. ಬೈಂದೂರಿನಲ್ಲಿ ಮೀನು ಮಾರಿ ಮಗಳನ್ನು ಓದಿಸಿದ ತಾಯಿ ಪ್ರಭಾವತಿಗೆ ಇದನ್ನು ವಿವರಿಸಿದಾಗ ಅವಳು ಕಣ್ಣರಳಿಸಿದಳು. "ಸುಮ್ನೆ ಕೂಕಂಬುಕೂ ಸಂಬ್ಳ ಕೊಡ್ತ್ರಾ? ಹಂಗಾರೆ ನಂಗೂ ಒಂದ್ ಕುರ್ಚಿ ಇಡ್ಸ್ ಮಾರಾಯ್ತಿ."

ಹರಿಣಾಕ್ಷಿ ಬಂದ ಮೇಲೆ ಬೋರ್ಡು ಕೆಂಪಾಗುವುದು ಕಡಿಮೆಯಾಗುತ್ತ ಬಂತು. ಕಡೆಕಡೆಗೆ ಜಡಿಮಳೆಯಲ್ಲೂ ಯಾರೂ ಕಾಯುತ್ತಿರಲಿಲ್ಲ. ಕಂಪನಿಯ ಎಲ್ಲ ಸೆಂಟರುಗಳಲ್ಲಿ ಕೋಟೇಶ್ವರವೇ ಮೊದಲು ಎಂದು ಒಂದು ಫಲಕ ಬಂತು. ಅದನ್ನು ತಂದುಕೊಟ್ಟವನು ಮಂಗಳೂರು ಕಚೇರಿಯ ಅನೀಶ್. ಸಾಲಿಗ್ರಾಮದ ಹುಡುಗ, ಈ ಸೆಂಟರಿನ ಮೇಲ್ವಿಚಾರಣೆ ಅವನದೇ. "ನಿಮ್ಮ ಲೆಕ್ಕ ನೋಡಿಯೇ ನಾನು ಬೇರೆ ಕಡೆಯವರಿಗೆ ಪಾಠ ಮಾಡುವುದು" ಎಂದ. ಹರಿಣಾಕ್ಷಿ ಅಂದು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಗುತ್ತಲೇ ನಿಂತಿದ್ದಳು. ಜೀವನದಲ್ಲಿ ಅವಳಿಗೊಂದು ಜಂಬವಿದ್ದರೆ ಇದೇ: ನನ್ನ ಕೈಯಿಂದ ಹೋದ ಲೆಕ್ಕ ತಪ್ಪುವುದಿಲ್ಲ, ಸುಳ್ಳಂತೂ ಇರುವುದೇ ಇಲ್ಲ.

ಆ ಲೆಕ್ಕವೇ ತಿರುಗಿ ಬಂದು ಕಚ್ಚಿತು. ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಸೆಂಟರಿನ ಮ್ಯಾನೇಜರ್ ರತನ್ ಅವಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದ. ಒಳ್ಳೆಯ ಮನುಷ್ಯ. ಆದರೆ ಕೆಟ್ಟ ಸುದ್ದಿಯಿದ್ದರೆ ಎದುರಿದ್ದವರ ಮುಖ ನೋಡದೆ ಕಿಟಕಿಗೆ ಹೇಳುತ್ತಾನೆ.

"ಕಂಪನಿಯರ್ ಕಂಡ್ರ್ ಅಂಬ್ರ್. ನಮ್ಮಲ್ಲಿ ಯಾರೂ ಕಾಯೂದಿಲ್ಲೆ, ಕಾಲ್ ಎಲ್ಲ ಬೇಗ ಮುಗಿತ್ತ್, ಕೂತರ್ ತುಂಬ ಹೊತ್ತ್ ಬ್ರೇಕಲ್ಲೇ ಇರ್ತ್ರ್. ಮೂರ್ ಜನ ಹೆಚ್ಚಿದ್ರ್ ಅಂತ್ರ್. ಚೌತಿ ಒಳ್ಗೆ ಕಮ್ಮಿ ಮಾಡ್ಕ್. ಹೆಸ್ರ್ ನೀವೇ ಕೊಡ್ಕ್ ಹರಿಣಾಕ್ಷಿ."

ಅವಳು ವಾದ ಮಾಡಲಿಲ್ಲ. ಮಾಡುವುದಾದರೂ ಹೇಗೆ? ಲೆಕ್ಕ ಅವಳದೇ, ಸಿದ್ಧಾಂತ ಅವಳು ನಂಬಿದ್ದೇ. ಕರೆ ಬೇಗ ಮುಗಿಯುತ್ತಿದ್ದರೆ, ಯಾರೂ ಕಾಯದೆ ಇದ್ದರೆ, ಹದಿನಾಲ್ಕು ಕುರ್ಚಿ ಹೆಚ್ಚೇ. ತನ್ನ ಕುರ್ಚಿಗೆ ಬಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಬ್ರೇಕಿನಲ್ಲಿ ಇದ್ದವರಲ್ಲಿ ಮೊದಲ ಹೆಸರು ಸೀತುವಿನದು.

ಸೀತು ಎಂದರೆ ಅಲ್ಲಿ ಎಲ್ಲರಿಗೂ ಸೀತಕ್ಕ. ಐವತ್ತು ದಾಟಿದವಳು. ಮುಂಬೈಯ ಚಾಳಿನಲ್ಲಿ ಗಂಡ ದೇವುವಿನ ಜೊತೆ ಬದುಕು ಸವೆಸಿ, ಅವನಿಗೆ ಪಾರ್ಶ್ವವಾಯು ಬಡಿದ ಮೇಲೆ ಕೋಡಿಯ ಮನೆಗೆ ಮರಳಿದವಳು. ಹಿಂದಿ, ಮರಾಠಿ, ಕೊಂಕಣಿ, ತುಳು ಎಲ್ಲ ಅವಳ ಬಾಯಲ್ಲಿ ನೀರು ಕುಡಿದ ಹಾಗೆ. ಈ ಕೆಲಸ ಹೋದರೆ ಆ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ. ಹಾಸಿಗೆ ಹಿಡಿದ ಗಂಡನಿಗೂ ಅವಳಿಗೂ ಇರುವುದು ಅದೊಂದೇ. ಇದು ಹರಿಣಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ, ಹೆಸರು ಬರೆಯುವ ಮೊದಲು ಮುಖ ಕಂಡು ಹೇಳಬೇಕೆಂದು ಎದ್ದಳು.

ಸೀತು ಕುರ್ಚಿಯಲ್ಲಿರಲಿಲ್ಲ. ಮತ್ತೆ ಬ್ರೇಕು! ಹರಿಣಾಕ್ಷಿಗೆ ಕರುಣೆಯ ಜೊತೆಗೆ ಸಿಟ್ಟೂ ಬಂತು. ಹೆಂಗಸರ ಮೊಬೈಲುಗಳನ್ನೆಲ್ಲ ಮೆಟ್ಟಿಲ ಬಳಿ ಒಂದು ಗೂಡಿನಲ್ಲಿ ಇಡಿಸುತ್ತಿದ್ದರು, ಒಳಗೆ ತರುವಂತಿರಲಿಲ್ಲ. ಸೀತು ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಲಗೈಯಲ್ಲಿ ತನ್ನ ಮೊಬೈಲು ಹಿಡಿದು, ಎಡ ಅಂಗೈಯನ್ನು ಕಣ್ಣಿನ ಹತ್ತಿರ ತಂದು ನೋಡುತ್ತ ಮಾತಾಡುತ್ತಿದ್ದಳು.

"ಹ್ವಾಯ್, ಭಟ್ರೆ, ನಾನ್ ಆಗ್ಳಿಕೆ ಮಾತಾಡ್ದಳ್. ಈಗ ಕಾಣಿ, ಹಸ್ರ್ ದೀಪ ಬಂತಾ? ಇಲ್ಯಾ? ಅಡ್ಡಿಲ್ಲೆ, ನಿಧಾನ ಕಾಣಿ, ನಾನ್ ಇಲ್ಲೇ ಇದ್ದೆ."

ಅಂಗೈ ತುಂಬ ಬಾಲ್‌ಪೆನ್ನಿನಲ್ಲಿ ಬರೆದ ಫೋನ್ ನಂಬರುಗಳು.

ಭಟ್ಟರ ದೀಪ ಹಸಿರಾಗುವ ತನಕ ಹರಿಣಾಕ್ಷಿ ನಿಂತಳು. ಆಮೇಲೆ ಕೇಳಿದಳು, "ಸೀತಕ್ಕ, ಇದ್ ಎಂತ?"

ಸೀತು ಮೊದಲು ಕೈ ಮುಚ್ಚಿಕೊಂಡಳು. ಆಮೇಲೆ, ಇನ್ನು ಮುಚ್ಚಿ ಏನು ಉಪಯೋಗವೆಂದು, ಹೇಳಿದಳು. ಬೋರ್ಡಿನಲ್ಲಿ ಜನ ಹೆಚ್ಚಾದ ಕೂಡಲೇ ಬೇಗ ಬೇಗ ಕರೆ ಎತ್ತುವುದು, ಎಂತ ತೊಂದರೆ ಎಂದು ಕೇಳುವುದು, ನಂಬರು ಅಂಗೈಯಲ್ಲಿ ಬರೆದುಕೊಂಡು "ಇಡಿ, ನಾನೇ ಮಾಡ್ತೆ" ಎನ್ನುವುದು. ಸಾಲು ಕರಗಿದ ಮೇಲೆ ಬ್ರೇಕ್ ಒತ್ತಿ ಹೊರಗೆ ಬಂದು, ಸ್ವಂತ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿ ಪೂರ್ತಿ ಕೆಲಸ ಮುಗಿಸುವುದು. ಉಳಿದದ್ದು ಊಟದ ಹೊತ್ತಿಗೆ. ಆಗಲೂ ಮುಗಿಯದಿದ್ದರೆ ಮನೆಗೆ ಹೋಗುವ ಬಸ್ಸಿನಲ್ಲಿ.

"ನೀವ್ ಒಬ್ರೇ ಮಾಡೂದಾ?"

"ಎಲ್ಲರೂ. ಶುರು ಮಾಡ್ದದ್ದ್ ನಾನ್. ಮೋಕ್ಷಿತಂಗೆ, ಪೂಜಿತಂಗೆ ಎಲ್ಲ ಹೇಳಿ ಕೊಟ್ಟದ್ದೂ ನಾನೇ. ಅಲ್ಲ ಹರಿಣಾ, ಮನಿಗ್ ಬಂದರನ್ನ ಬಾಗ್ಲಲ್ಲ್ ನಿಲ್ಸೂದಾ? ಮೊದ್ಲ್ ಕರ್ದ್ ಕೂರ್ಸಿ ಬೆಲ್ಲ ನೀರ್ ಕೊಡ್ಕ್. ಅಡ್ಗಿ ಆಮೇಲೆ ಆತ್ತ್."

"ನಂಗ್ ಯಾಕ್ ಹೇಳ್ಲಿಲ್ಲ?"

"ಹೇಳಿರೆ ನೀನ್ ಬಿಡ್ತಿದ್ಯಾ? ಮತ್ತೆ, ಬೋರ್ಡ್ ಕೆಂಪಾದ್ರೆ ನಿನ್ ಮುಖ ಕಾಂಬುಕೆ ಆತಿಲ್ಲೆ ನಮ್ಗೆ. ಪಾಪ ಅಂದ್ಹೇಳಿ."

ಹರಿಣಾಕ್ಷಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳುವೂ ಬಂತು. ಯಾರೂ ಕಾಯದೆ ಇದ್ದದ್ದು ತನ್ನ ಲೆಕ್ಕದ ಜಾಣತನದಿಂದಲ್ಲ. ಸಾಲು ಗೋಡೆಯ ಬೋರ್ಡಿನಿಂದ ಇಳಿದು ಈ ಹೆಂಗಸರ ಅಂಗೈಗೆ ಬಂದು ಕೂತಿತ್ತು, ಅಷ್ಟೆ. ಅವರ ಅರ್ಧ ದುಡಿಮೆ ಯಂತ್ರಕ್ಕೆ ಕಾಣುತ್ತಲೇ ಇರಲಿಲ್ಲ. ಕಂಡದ್ದು ಚುಟುಕು ಕರೆ, ಉದ್ದದ ಬ್ರೇಕು. ಬಂದವರನ್ನು ಕಾಯಿಸಬಾರದೆಂಬ ಅವರ ಮರ್ಯಾದೆಯೇ ಅವರ ಕುರ್ಚಿ ಕಿತ್ತುಕೊಳ್ಳಲು ಹೊರಟಿತ್ತು. ಕೀಳಲು ಕೈ ಜೋಡಿಸಿದವಳು ತಾನು.

ಮೂವರು ಹೋಗಬೇಕಂತೆ ಎಂಬ ವಿಷಯವನ್ನು ಅಲ್ಲೇ ಸೀತುವಿಗೆ ಹೇಳಿದಳು. ಸೀತು ಅಂಗೈಯ ಶಾಯಿಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದಳು.

ನಿಜ ಹೇಳಿಬಿಟ್ಟರಾಯಿತು ಎಂದು ನಿಮಗನ್ನಿಸಬಹುದು. ಹಾಗಿರಲಿಲ್ಲ. ಗ್ರಾಹಕರ ನಂಬರನ್ನು ಸ್ವಂತ ಫೋನಿಗೆ ತೆಗೆದುಕೊಂಡವರಿಗೆ ಆ ದಿನವೇ ಮನೆ ದಾರಿ ಎಂದು ಕಂಪನಿಯ ನಿಯಮ. ಫೋನುಗಳನ್ನು ತೋರಿಸಿದರೆ ಮೂವರಲ್ಲ, ಹದಿನಾಲ್ಕು ಮಂದಿಯೂ ಸಿಕ್ಕಿಬೀಳುತ್ತಾರೆ. ಹರಿಣಾಕ್ಷಿಗೆ ಕಂಡದ್ದು ಒಂದೇ ದಾರಿ. ಅಂಗೈ ಲೆಕ್ಕ ನಿಲ್ಲಿಸಬೇಕು. ಹಿಡಿದ ಕರೆಯನ್ನು ಹಿಡಿದಲ್ಲೇ ಪೂರ್ತಿ ಮುಗಿಸಬೇಕು. ಎಷ್ಟು ಜನ ಕಾಯುತ್ತಾರೋ ಕಾಯಲಿ, ಯಂತ್ರ ಅದನ್ನು ನೋಡಲಿ. ಒಂದು ವಾರ ಹಾಗೆ ನಡೆದರೆ ಹದಿನಾಲ್ಕು ಕುರ್ಚಿ ಯಾಕೆ ಬೇಕೆಂದು ಬೋರ್ಡೇ ಹೇಳುತ್ತದೆ.

ಎಲ್ಲರನ್ನೂ ಕೂರಿಸಿ ಇದನ್ನು ಹೇಳಿದಾಗ ಮೋಕ್ಷಿತಾ ನಂಬಲಿಲ್ಲ. ಅವರಲ್ಲೆಲ್ಲ ಕಿರಿಯವಳು, ಬಾಯಿ ಜೋರು. "ಹರಿಣಕ್ಕ, ಜನರನ್ನ್ ಕಾಯ್ಸಿ ಅಂತ ನೀವೇ ಹೇಳೂದಾ? ಜ್ವರ ಗಿರ ಬಂದಿತ್ತಾ ನಿಮ್ಗೆ?"

"ಬಂದಿತ್ತ್ ಅಂದ್ಕಣಿ" ಎಂದಳು ಹರಿಣಾಕ್ಷಿ.

ಆ ವಾರ ಅವಳ ಪಾಲಿಗೆ ನರಕವಾಯಿತು. ಮೊದಲ ದಿನವೇ ಬೋರ್ಡು ಕೆಂಪೇರಿತು. ಕಾಯುವವರಿಗೆ ಕೇಳಿಸುವ ಪೀಪಿ ಸಂಗೀತ ಅವಳ ಕಿವಿಯಲ್ಲೂ ಗುಂಯ್‌ಗುಟ್ಟಿತು. ಹೆಂಗಸರು ಕರೆ ಹಿಡಿದು ಮಾತಾಡುತ್ತ ಕಳ್ಳಗಣ್ಣಿನಲ್ಲಿ ಬೋರ್ಡು ನೋಡುವರು, ಕೈ ತಾನಾಗಿ ಪೆನ್ನಿಗೆ ಹೋಗುವುದು. ಹರಿಣಾಕ್ಷಿ ಪೆನ್ನುಗಳನ್ನೆಲ್ಲ ಒಟ್ಟುಮಾಡಿ ತನ್ನ ಡ್ರಾಯರಿನಲ್ಲಿ ಹಾಕಿದಳು. ಒಂದು ದಿನ ಬೈಂದೂರು ಕಡೆಯಿಂದ ಬೀಸಿದ ಗಾಳಿಗೆ ಕಂಬಗಳು ಉರುಳಿ ಊರಿಗೆ ಊರೇ ಕತ್ತಲಾಯಿತು. ಕಾಯುವವರು ಬೋರ್ಡಿನಲ್ಲಿ ಏರಿದರು, ಕಾದು ಸಾಕಾಗಿ ಫೋನಿಟ್ಟರು, ಮತ್ತೆ ಮಾಡಿದರು. ಒಬ್ಬ ಮುದುಕಿ, ಸರದಿ ಬಂದಾಗ, ತೊಂದರೆ ಹೇಳುವುದು ಬಿಟ್ಟು, "ಇಷ್ಟ್ ದಿನ ಕೂಡ್ಲೆ ಮಾತಾಡ್ತಿದ್ರಿಯಲೆ ಮಗಾ, ಈಗ ನಾವ್ ಬ್ಯಾಡ್ದ ಆಯ್ತಾ?" ಎಂದು ಕೇಳಿದಳಂತೆ. ಪೂಜಿತಾ ಹೆಡ್‌ಸೆಟ್ ತೆಗೆದಿಟ್ಟು ಅತ್ತಳು. ಸೀತು ಮಾತ್ರ ಅಳಲಿಲ್ಲ. ಖಾಲಿ ಅಂಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡೇ ಒಂದಾದ ಮೇಲೊಂದು ಕರೆ ಮುಗಿಸಿದಳು. ಅವರೆಲ್ಲರ ಬೆನ್ನ ಹಿಂದೆ ನಿಂತು ಹರಿಣಾಕ್ಷಿ ಜನರನ್ನು ಕಾಯಿಸಿದಳು. ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ. ಲೀಲಾಧರ ಛೇಡಿಸುವುದನ್ನು ಬಿಟ್ಟು ತಾನೇ ಗಂಜಿ ಬಡಿಸಿ ಎದುರು ಕೂತ.

ಅನೀಶ್ ಮೇಲ್ ಕಳಿಸಿ ಸುಮ್ಮನಾಗಲಿಲ್ಲ, ಓಡಿಬಂದ. ಮೊದಲ ಸೆಂಟರು ಒಂದೇ ವಾರಕ್ಕೆ ಕೊನೆಗೆ ಬಿದ್ದದ್ದು ಅವನ ತಲೆಗೂ ತಾಗುವ ವಿಷಯವೇ. ರತನನ ಕೋಣೆಯಲ್ಲಿ ಕೂತು ಹಾಳೆಗಳನ್ನು ಹರಡಿದ. ಹುಡುಗ ಜಾಣ. ಸ್ವಲ್ಪ ಹೊತ್ತು ನೋಡಿ ತಲೆಯೆತ್ತಿದ.

"ಬರುವ ಕರೆಗಳು ಹೆಚ್ಚಾಗಿಲ್ಲ. ಒಂದೊಂದು ಕರೆ ಮಾತ್ರ ಮೊದಲಿನ ಒಂದೂವರೆ ಪಾಲು ಉದ್ದವಾಗಿದೆ. ಬ್ರೇಕ್ ಇಲ್ಲವೇ ಇಲ್ಲ. ಈ ಲೆಕ್ಕ ಸರಿ ಇದ್ದರೆ ಹದಿನಾಲ್ಕು ಜನ ಸಾಲುವುದಿಲ್ಲ, ಗಾಳಿಮಳೆಗೆ ಇನ್ನೊಬ್ಬರು ಬೇಕು. ಇದು ಸರಿ ಇದ್ದರೆ ಹಿಂದಿನದೆಲ್ಲ ತಪ್ಪು. ಹಿಂದೆ ಈ ಕೆಲಸ ಎಲ್ಲಿ ಆಗ್ತಿತ್ತು ಹರಿಣಾಕ್ಷಿಯವ್ರೆ?"

ಎಲ್ಲ ಮಳೆಯಿಂದ ಆದದ್ದು ಎಂದು ಹೇಳಿದ್ದರೆ ನಡೆಯುತ್ತಿತ್ತೋ ಏನೋ ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದ್ದಿದೆ. ನಡೆಯುತ್ತಿರಲಿಲ್ಲ. ಗಾಜಿನ ಆಚೆ ಸೀತು ಎದ್ದು ನಿಂತಿದ್ದಳು, ಸೆರಗು ಸರಿಮಾಡಿಕೊಂಡು ಕೋಣೆಯ ಕಡೆಗೇ ನಡೆಯತೊಡಗಿದ್ದಳು. ಒಪ್ಪಿಕೊಳ್ಳಲು ಬರುತ್ತಿದ್ದಾಳೆಂದು ಹರಿಣಾಕ್ಷಿಗೆ ಮುಖದಲ್ಲೇ ತಿಳಿಯಿತು. ಅವಳು ಬಾಗಿಲು ತಳ್ಳುವ ಮೊದಲೇ ಇವಳ ಬಾಯಿಂದ ಮಾತು ಹೊರಬಿತ್ತು.

"ಹೊರಗೆ ಆಗ್ತಿತ್ತು ಸರ್, ಅವರ ಸ್ವಂತ ಫೋನುಗಳಲ್ಲಿ. ಹಾಗೆ ಮಾಡಿ ಅಂತ ನಾನೇ ಹೇಳಿದ್ದು. ಫಲಕದ ಆಸೆಗೆ. ಅವರು ಬೇಡ ಅಂದ್ರು, ನಾನು ಕೇಳಲಿಲ್ಲ."

ಸೀತು ಬಾಗಿಲಲ್ಲೇ ನಿಂತಳು. "ಎಂತ ಹೇಳ್ತಿದ್ಯೆ ನೀನ್?"

"ಸೀತಕ್ಕ, ನೀವ್ ಹೋಯಿ ಕೂಕಣಿ. ಕಾಲ್ ಬತ್ತಾ ಇತ್ತ್."

ಅನೀಶ್ ಇಬ್ಬರನ್ನೂ ನೋಡಿದ. ರತನ್ ಸೀತುವಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ ಮೇಲೆ, ಆಫೀಸಿನ ಭಾಷೆ ಬಿಟ್ಟು ಮೆಲ್ಲಗೆ ಹೇಳಿದ: "ಇದ್ ನೀವ್ ಮಾಡ್ಸಿದ್ದಲ್ಲ. ನಿಮ್ಗೆ ಗೊತ್ತಿದ್ದಿದ್ರೆ ಆ ಲೆಕ್ಕ ನಂಗೆ ಕಳ್ಸ್ತಿರ್ಲಿಲ್ಲ ನೀವ್."

"ನಾನೇ ಹೇಳಿದ್ದು ಅಂತ ಬರ್ಕಣಿ. ಮೇಲಿನರ್ ಹೇಳ್ದಂಗೆ ಮಾಡ್ದರ್ ಮೇಲೆ ತಪ್ಪ್ ಬಪ್ಪುದಿಲ್ಲೆ ಅಲ್ದಾ?"

"ನಿಮ್ ಕೆಲ್ಸ ಹೋಪುಕೂ ಸಾಕ್."

"ಗೊತ್ತಿತ್ತ್."

ಅನೀಶ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ಅವಳು ಹೇಳಿದಂತೆಯೇ ಬರೆದುಕೊಂಡ. ಹರಿಣಾಕ್ಷಿಯ ಕೈಯಿಂದ ಹೋದ ಲೆಕ್ಕದಲ್ಲಿ ಅದೊಂದು ಸುಳ್ಳು ಸೇರಿತು. ಸೇರಿದ್ದು ಗೊತ್ತಿದ್ದೇ ಸೇರಿತು.

ತೀರ್ಮಾನ ಬರುವವರೆಗೆ ಅವಳು ಮನೆಯಲ್ಲಿ ಕೂತಿರಬೇಕಾಯಿತು. ಕಾಯುವುದೆಂದರೆ ಆಗದವಳು ಚೌತಿ ಕಳೆಯುವವರೆಗೂ ಕಾದಳು. ಬೇಸರ ಕಳೆಯಲೆಂದು ಬೈಂದೂರಿಗೆ ಹೋಗಿ ತಾಯಿಯ ಜೊತೆ ಮಾರ್ಕೆಟ್ಟಿನಲ್ಲಿ ಕೂತಳು. ಸಂಗತಿಯೆಲ್ಲ ಕೇಳಿದ ಪ್ರಭಾವತಿ ಮಗಳನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದು ದೊಡ್ಡ ಅಂಜಲ್ ಮೀನನ್ನು ಮಾರದೆ ತೆಗೆದಿಟ್ಟು ಮನೆಗೆ ಕಟ್ಟಿಕೊಟ್ಟಳು. ಸೀತುವಿಗೆ ಫೋನು ಮಾಡಿದರೆ ಅವಳು ಎತ್ತಲಿಲ್ಲ. ಎರಡು ಸಲ ಮಾಡಿದಳು, ಮೂರು ಸಲ ಮಾಡಿದಳು, ಎತ್ತಲಿಲ್ಲ. ನನ್ನ ತಪ್ಪನ್ನು ನನಗೆ ಕೇಳದೆ ಹೊತ್ತುಕೊಳ್ಳಲು ಇವಳು ಯಾರು ಎಂದು ಸೀತು ಎಲ್ಲರ ಎದುರು ಕೂಗಾಡಿದಳೆಂದು ಮೋಕ್ಷಿತಾ ತಿಳಿಸಿದಳು. ಕೂಗಾಡಿ, ಆಮೇಲೆ ಆ ಹೆಸರನ್ನೇ ಎತ್ತದೆ ಇದ್ದಾಳಂತೆ. ಹರಿಣಾಕ್ಷಿಗೆ ಕೆಲಸದ ಚಿಂತೆಗಿಂತ ಅದೇ ಹೆಚ್ಚು ನೋವು ಕೊಟ್ಟಿತು.

ತೀರ್ಮಾನ ಬಂತು. ಯಾರೂ ಹೋಗಬೇಕಾಗಿಲ್ಲ, ಹದಿನಾಲ್ಕು ಕುರ್ಚಿಯೂ ಇರಲಿ. ಫಲಕ ವಾಪಸು. ಇನ್ನು ಮುಂದೆ ಯಾರು ಯಾವಾಗ ಕೂರಬೇಕೆಂದು ಮಂಗಳೂರಿನಿಂದಲೇ ಹೇಳುತ್ತಾರೆ, ಹರಿಣಾಕ್ಷಿ ಲೆಕ್ಕದ ಕೆಲಸ ಮುಟ್ಟುವಂತಿಲ್ಲ. ಬೇಕಿದ್ದರೆ ಹೆಡ್‌ಸೆಟ್ ಹಾಕಿ ಕೂರಬಹುದು. ಹೇಗೂ ಒಂದು ಕುರ್ಚಿ ಕಡಿಮೆ ಇದೆಯಲ್ಲ. ಆ ಕೊನೆಯ ಮಾತು ಅನೀಶನದೇ ಇರಬೇಕು.

ಸೋಮವಾರ ಹೋಗಿ ಕೂತಳು. ಜಾಗ ಇದ್ದದ್ದು ಸೀತುವಿನ ಪಕ್ಕದಲ್ಲಿ. ಹರಿಣಾಕ್ಷಿ ನಕ್ಕರೆ ಸೀತು ಗೋಡೆ ನೋಡಿದಳು. ಮೊದಲ ಕರೆ ಸಾಲಿಗ್ರಾಮದ ಸುಬ್ಬರಾಯರೆಂಬ ಹಿರಿಯರದು. ಇನ್ವರ್ಟರು ಕೂಗುತ್ತಿದೆ. ಯಾವ ದೀಪ ಉರಿಯುತ್ತಿದೆ ಎಂದು ಇವಳು ಕೇಳಿದಳು. ಕನ್ನಡಕ ತರುತ್ತೇನೆಂದು ಅವರು ಹೋದರು. ಕನ್ನಡಕ ದೇವರ ಕೋಣೆಯಲ್ಲಿತ್ತು. ಬಂದು, ದೀಪ ಕೆಂಪೆಂದರು. ಅಲ್ಲ, ಕಿತ್ತಳೆ ಇರಬಹುದೆಂದರು. ಕಾಗದದಲ್ಲಿ ಎಂಥಾ ಕರೆಯನ್ನಾದರೂ ಒಂದು ಅಂಕಿಯಲ್ಲಿ ಮುಗಿಸುತ್ತಿದ್ದವಳಿಗೆ ಮುಂದೇನು ಕೇಳಬೇಕೆಂದು ಹೊಳೆಯಲಿಲ್ಲ. ಬೋರ್ಡಿನಲ್ಲಿ ಸಂಖ್ಯೆ ಏರಿತು, ಮತ್ತೆ ಏರಿತು, ಕೆಂಪಾಯಿತು. ಅಷ್ಟೂ ಜನರ ದಾರಿಯನ್ನು ಕಟ್ಟಿ ಕೂತವಳು ಅವಳೇ.

ಪಕ್ಕದಲ್ಲಿ ಸೀತು ತನ್ನ ಕರೆ ಮುಗಿಸಿದಳು. ಬೋರ್ಡು ನೋಡಿದಳು. ಇವಳ ಮುಖ ನೋಡಿದಳು. ಕುರ್ಚಿಯನ್ನು ಸರ್ರನೆ ಎಳೆದುಕೊಂಡು ಹತ್ತಿರ ಬಂದು, ಕೈ ಚಾಚಿ ಹರಿಣಾಕ್ಷಿಯ ಮೈಕನ್ನು ಮುಚ್ಚಿ ಹಿಡಿದಳು.

"ಬ್ಯಾಟ್ರಿ ಮುಚ್ಚಳ ತೆಗೂಕ್ ಹೇಳ್. ನೀರ್ ಎಷ್ಟಿತ್ತ್ ಕೇಳ್. ಎಂತ ಹೆಣ್ಣ್ ಮಾರಾಯ್ತಿ ನೀನ್, ಹಿಂದ್ ಅಷ್ಟ್ ಜನ ನಿಂತಿದ್ರ್, ಕಾಣ್ತಿಲ್ಯಾ?"

"ಕಾಣ್ತಿತ್ತ್ ಸೀತಕ್ಕ" ಎಂದಳು ಹರಿಣಾಕ್ಷಿ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಸುಬ್ಬರಾಯರಿಗೆ ಬ್ಯಾಟರಿಯ ಮುಚ್ಚಳ ತೆಗೆಯಲು ಹೇಳಿದಳು.